ಚೀಲಕ್ಕೆ ಕೊಟ್ಟ ಜಾಗ

ಕುಮಟಾದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕೂತು, ಮನೆಯ ಹಂಚು ಬದಲಿಸಲು ಎತ್ತಿಟ್ಟಿದ್ದ ಹಣವನ್ನು ಒಂದು ಸಣ್ಣ ಕಂಪನಿಯ ಷೇರಿಗೆ ಹಾಕಲು ಮೊಬೈಲ್ ಹಿಡಿದಿದ್ದೆ. ಕಂಪನಿ ಆಗಷ್ಟೇ ದೊಡ್ಡ ಸಾಲ ಎತ್ತಿತ್ತು. ಸಾಲ ಕೊಟ್ಟವರು ಬೇಕೆಂದರೆ ಹಣದ ಬದಲು ಅಗ್ಗದ ದರದಲ್ಲಿ ಹೊಸ ಷೇರು ಪಡೆಯಬಹುದಂತೆ. ಸಾಲ ತೀರಿಸುವ ಗೋಜೇ ಇಲ್ಲವಲ್ಲ ಎಂದು ನನಗೆ ಆ ಕಂಪನಿಯ ಮೇಲೆ ಗೌರವ ಮೂಡಿತ್ತು.

ಹೊನ್ನಾವರದಲ್ಲಿ ಹತ್ತಿದ ಹೆಂಗಸೊಬ್ಬರಿಗೆ ಸೀಟು ಸಿಗಲಿಲ್ಲ. "ಅಣ್ಣಾ, ಈ ಚೀಲ ಒಂದು ಅಲ್ಲಿ ಇಟ್ಕಣಿ" ಎಂದರು. ನಾನು ಕಿಟಕಿ ಬದಿಯಲ್ಲಿ ಕೂತಿದ್ದವರತ್ತ ಸರಿದು ಸೀಟಿನ ತುದಿಯಲ್ಲಿ ಜಾಗ ಮಾಡಿಕೊಟ್ಟೆ. ಬಸ್ಸು ಶರಾವತಿ ಸೇತುವೆ ದಾಟುವಷ್ಟರಲ್ಲಿ ಅವರು ಚೀಲವನ್ನು ಮಡಿಲಿಗೆ ಎತ್ತಿಕೊಂಡು ಅದೇ ಜಾಗದಲ್ಲಿ ಕೂತರು.

"ಚೀಲಕ್ಕೆ ಮಾತ್ರ ಅಂದಿದ್ರಲ್ಲ?" ಎಂದೆ.

"ಚೀಲ ಯಾರದ್ದು? ನಂದೇ ಅಲ್ದ? ಜಾಗ ಕೊಟ್ಟದ್ದು ನೀವೇ."

ನ್ಯಾಯ ಕೇಳಲು ಕಂಡಕ್ಟರನ್ನು ನೋಡಿದೆ. "ಇನ್ನೂ ಸ್ವಲ್ಪ ಸರೀರಿ ಸರ್" ಎಂದರು.

ಇಬ್ಬರ ಸೀಟಿನಲ್ಲಿ ಮೂವರಾದೆವು. ಸೀಟು ಮೊದಲಿನಷ್ಟೇ ಇತ್ತು, ನನ್ನ ಟಿಕೆಟ್ಟೂ ಪೂರ್ತಿಯದೇ. ಕೂರಲು ಸಿಕ್ಕಿದ್ದು ಮಾತ್ರ ಕಡಿಮೆ. ಸಾಲ ಕೊಟ್ಟವರು ನಾಳೆ ಷೇರುದಾರರಾಗಿ ಬಂದು ಕೂತರೆ ಕಂಪನಿಯಲ್ಲಿ ನನ್ನ ಪಾಲಿಗೂ ಇದೇ ಗತಿ ಎಂದು ಆಗ ಹೊಳೆಯಿತು. ಷೇರು ಕೊಳ್ಳಲಿಲ್ಲ. ಕಿಸೆಗೆ ಕೈ ಹೋಗುವಷ್ಟು ಜಾಗವಿಲ್ಲದೆ ಮೊಬೈಲನ್ನು ಕೈಯಲ್ಲೇ ಹಿಡಿದು ಕೂತೆ.

ಮಂಕಿಯಲ್ಲಿ ಇಳಿಯುವಾಗ ಆಕೆ "ಉಪಕಾರ ಆತು ಅಣ್ಣಾ" ಎಂದರು.

"ನಿಮ್ಮಿಂದ ನನಗೇ ದೊಡ್ಡ ಉಪಕಾರ ಆತು" ಎಂದೆ, ಮನಸಾರೆ.

ಆಕೆ ಕೆಳಗಿಳಿದವರೇ ಚೀಲ ಬಿಚ್ಚಿ, ಒಳಗಿದ್ದದ್ದೆಲ್ಲ ಇದೆಯೇ ಎಂದು ನೋಡಿಕೊಂಡರು.