ಬೋಂಡಾ ಇದ್ದರೆ ಬಂಗಾರಪೇಟೆ, ಬಾಲ ಇದ್ದರೆ ಬೂದಿಕೋಟೆ

ಕಾಮಸಮುದ್ರದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆ ಬಂಗಾರಪೇಟೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕಾಮಸಮುದ್ರದಲ್ಲಿ ಇಳಿದು, ಅಲ್ಲಿಂದ ಅರ್ಧ ಮೈಲಿ ನಡೆದರೆ ಶಾಲೆ. ಒಂದನೇ ಕ್ಲಾಸಿನ ನಲವತ್ತು ಮಕ್ಕಳು ನನ್ನ ಪಾಲಿಗೆ ಬಂದಿದ್ದರು. ‘ಕೈ ಕಟ್ಟಿ’ ಎಂದರೆ ಎಂಬತ್ತು ಕೈಗಳು ಕಟ್ಟಿಕೊಳ್ಳುತ್ತಿದ್ದವು. ನಾನು ಹಲಗೆಯ ಮೇಲೆ ಒಂದು ಗೆರೆ ಎಳೆದು ಇದು ಹುಲಿ ಎಂದರೂ ಅವರು ಹುಲಿ ಎಂದೇ ಕೂಗುತ್ತಿದ್ದರು. ಆರು ತಿಂಗಳಲ್ಲಿ ನಾನು ಹುಟ್ಟಾ ಟೀಚರು ಎಂದು ನನಗೇ ಖಾತ್ರಿಯಾಗಿಬಿಟ್ಟಿತ್ತು.

ಹಾಗಿರುವಾಗ ಶಾಲಾ ಇನ್ಸ್‌ಪೆಕ್ಟರು ಬಂದು, ಊರಿನ ಹೆಂಗಸರಿಗೆ ದಿನಾ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಅಕ್ಷರ ಕಲಿಸಬೇಕು ಎಂದು ಆಜ್ಞೆ ಮಾಡಿದರು. ನಾನು ಸ್ವಲ್ಪ ಹೆದರಿದೆ.

“ಮಕ್ಕಳಿಗೆ ಕಲಿಸೋದೇ ಕಷ್ಟ ಕಣಮ್ಮಾ” ಎಂದು ಅವರು ಧೈರ್ಯ ಹೇಳಿದರು. “ದೊಡ್ಡವರು ಸುಲಭ. ಅವರಿಗೆ ಆಗಲೇ ಬುದ್ಧಿ ಬಂದಿರುತ್ತೆ.”

ಅವರಿಗೆ ಬುದ್ಧಿ ಬಂದಿದ್ದೇ ನನಗೆ ದೊಡ್ಡ ತೊಂದರೆಯಾಯಿತು.

ಮೊದಲ ದಿನ ಹದಿನಾಲ್ಕು ಜನ ಬಂದರು. ಎಲ್ಲರೂ ನನಗಿಂತ ದೊಡ್ಡವರು, ಅರ್ಧ ಜನ ಅಜ್ಜಿಯರು. ಒಂದನೇ ಕ್ಲಾಸಿನ ಮಕ್ಕಳ ಮಣೆಗಳ ಮೇಲೆ ಕೂತರೆ ಮಣೆ ಕಾಣುತ್ತಲೇ ಇರಲಿಲ್ಲ. ಅಭ್ಯಾಸಬಲದಿಂದ ನಾನು, “ಎಲ್ಲರೂ ಕೈ ಕಟ್ಟಿ, ಬಾಯಿ ಮುಚ್ಚಿ” ಎಂದೆ.

“ಬಾಯ್ ಮುಚ್ಕೊಂಡ್ರೆ ಓದಾದೆಂಗಮ್ಮಣ್ಣಿ?” ಎಂದು ಮುಂದಿನ ಸಾಲಿನಿಂದ ಒಬ್ಬಾಕೆ ಕೇಳಿದಳು.

ಅವಳಿಗೆ ಐವತ್ತು ದಾಟಿತ್ತು. ದಿನಾ ಬೆಳಿಗ್ಗೆ ಮೊಸರಿನ ಗಡಿಗೆ ಹೊತ್ತು ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿ ಮಾರಿ ಬರುತ್ತಿದ್ದಳು. ಊರೆಲ್ಲ ಅವಳನ್ನು ಮೊಸರಮ್ಮ ಎಂದು ಕರೆಯುತ್ತಿತ್ತು. ನಾನು ಅವಳ ಮಾತು ಕೇಳಿಸದವಳಂತೆ ಹಲಗೆಯ ಮೇಲೆ ‘ಅ’ ಬರೆದು, “ಅ, ಅರಸ” ಎಂದೆ.

“ಯಾವೂರ್ ಅರಸ?” ಎಂದಳು ಮೊಸರಮ್ಮ.

“ಯಾವ ಊರಾದರೇನು, ಅರಸ.”

“ಈಗ ಅರಸ್ರು ಎಲ್ಲವ್ರಮ್ಮಾ? ಓಟು ಬಂದ್ಮ್ಯಾಕೆ ಓದ್ರಲ್ಲ.”

ಹಿಂದಿನ ಸಾಲಿನ ಅಜ್ಜಿ ತಾನು ಚಿಕ್ಕಂದಿನಲ್ಲಿ ಅರಸರ ಮೋಟಾರು ಕಂಡದ್ದನ್ನು ಹೇಳಲು ಶುರು ಮಾಡಿದಳು. ಮೋಟಾರಿನ ಬಣ್ಣ ಕೆಂಪೋ ಹಸಿರೋ ಎಂಬ ವಾದ ಹತ್ತಿ, ಐದೂವರೆಯಾದರೂ ನಾವು ‘ಆ’ ತಲುಪಲಿಲ್ಲ. ಮಕ್ಕಳಾಗಿದ್ದರೆ ಅಷ್ಟರಲ್ಲಿ ಹತ್ತು ಅಕ್ಷರ ಕೂಗಿ ಮನೆಗೆ ಓಡಿರುತ್ತಿದ್ದರು.

ಮೂರನೆಯ ದಿನ ಇನ್ನೊಂದು ಅವಾಂತರವಾಯಿತು. ಮೊಸರಮ್ಮ ಸ್ಲೇಟಿನ ಮೇಲೆ ‘ಇ’ಯನ್ನು ಉಲ್ಟಾ ಬರೆದಿದ್ದಳು. ನಾನು ಯೋಚನೆಯೇ ಇಲ್ಲದೆ ಅಡಿಕೋಲಿನಿಂದ ಅವಳ ಬೆರಳಿನ ಗಿಣ್ಣಿಗೆ ಮೆಲ್ಲಗೆ ಬಾರಿಸಿಬಿಟ್ಟೆ. ಮೊಸರಮ್ಮ ಅಡಿಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ರವಿಕೆಯ ಹಿಂದಕ್ಕೆ ಇಳಿಬಿಟ್ಟು ಬೆನ್ನು ಕೆರೆದುಕೊಂಡಳು.

“ಭಾಳ ಚೆನ್ನಾಗೈತೆ ಕಣಮ್ಮಣ್ಣಿ. ನಡು ಬೆನ್ನಿಗೇ ಎಟುಕ್ತದೆ.”

ಅಡಿಕೋಲು ಸಾಲುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕೆರೆದುಕೊಂಡರು. ಅವತ್ತೂ ಪಾಠ ಆಗಲಿಲ್ಲ.

ಮೂರು ವಾರದಲ್ಲಿ ಹದಿನಾಲ್ಕು ಜನ ಮೂವರಾದರು. ಒಬ್ಬಳು ಶಾಲೆಯ ಪಕ್ಕದ ಮನೆಯವಳು. ಇನ್ನೊಬ್ಬಳಿಗೆ ಕಿವಿ ಮಂದ, ಕ್ಲಾಸು ನಿಂತಿದ್ದರೂ ಗೊತ್ತಾಗುತ್ತಿರಲಿಲ್ಲ. ಮೂರನೆಯವಳು ಮೊಸರಮ್ಮ. ನೀವು ಯಾಕೆ ಬಿಡಲಿಲ್ಲ ಎಂದು ಕೇಳಿದೆ.

“ಮನೇನಾಗೆ ನಮ್ ಯಜಮಾನ ಅವ್ನಲ್ಲ” ಎಂದಳು. “ಅವನ್ ಮಾತಿಗಿಂತ ನಿನ್ ಮಾತೇ ವಾಸಿ.”

ಯಜಮಾನ ಕೋರಮಂಡಲ್ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಭೂಮಿಯೊಳಗೆ ಕೆಲಸ ಮಾಡಿ ಊರಿಗೆ ವಾಪಸ್ಸಾದವನು. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ಊರಿನಲ್ಲಿ ಅವನಿಗೆ ಓದಿದವನೆಂಬ ಹೆಸರಿತ್ತು. ಓದಿಕೊಡು ಎಂದು ಯಾರಾದರೂ ಕಾಗದ ತಂದರೆ ಮಾತ್ರ, “ನಾನ್ ಕಲ್ತಿದ್ದು ತಮಿಳ್ ಅಕ್ಷರ ಕಣ್ಲಾ, ಕನ್ನಡದ್ದಲ್ಲ” ಎನ್ನುತ್ತಿದ್ದ. ಕೋರಮಂಡಲ್ಲಿನ ತಮಿಳರ ಲೈನುಮನೆಗಳಲ್ಲಿ ಮೂವತ್ತು ವರ್ಷ ಅವನು, “ನನಗೆ ಬರೋದು ಕನ್ನಡ ಅಕ್ಷರ ಮಾತ್ರ” ಎಂದೇ ಕಾಲ ತಳ್ಳಿದ್ದನೆಂದು ನನಗೆ ಆಮೇಲೆ ತಿಳಿಯಿತು.

ಒಂದು ಸಂಜೆ ನಾನು ‘ಈ, ಈಶ’ ಎನ್ನುತ್ತಿರುವಾಗ ಮೊಸರಮ್ಮ ಸ್ಲೇಟನ್ನು ಕೆಳಗಿಟ್ಟಳು.

“ಅಮ್ಮಣ್ಣಿ, ನೀನು ಯೋಳೋದೆಲ್ಲ ಚೆನ್ನಾಗೈತೆ. ಆದ್ರೆ ನಂಗೆ ಬೇಕಿರೋದು ಅದಲ್ಲ. ಕಾಮಸಮುದ್ರದಾಗೆ ಎಲ್ಡು ಬಸ್ ನಿಂತಿರ್ತವೆ. ಒಂದು ಬಂಗಾರಪೇಟೆಗೆ, ಒಂದು ಬೂದಿಕೋಟೆಗೆ. ಯಾವ್ದು ಯಾವ್ದಣ್ಣಾ ಅಂತ ದಿನಾ ಕೇಳ್ಬೇಕು. ಕಾಪಿ ಓಟ್ಲತ್ರ ಕುಂತಿರೋ ಪೋಲಿಗಳು ಬೇಕಂತ್ಲೇ ತಪ್ಪು ಯೋಳಿ ನಗ್ತಾರೆ. ನಂಗೆ ಆ ಬೋರ್ಡು ಯೋಳ್ಕೊಡು, ಸಾಕು.”

ನಾನು ಟ್ರೈನಿಂಗಿನಲ್ಲಿ ಕಲಿತದ್ದರಲ್ಲಿ ಇದಿರಲಿಲ್ಲ. ಅ ಆ ಮುಗಿಯದೆ ಬಂಗಾರಪೇಟೆಗೆ ಹೋಗುವಂತಿರಲಿಲ್ಲ. ಆದರೂ ಮೂವರೇ ಇದ್ದರಲ್ಲ, ನೋಡುವವರು ಯಾರು ಎಂದು ಹಲಗೆಯ ತುಂಬ ‘ಬಂಗಾರಪೇಟೆ’ ಎಂದು ಬರೆದೆ.

ಮೊಸರಮ್ಮ ಎದ್ದು ಬಂದು ಹಲಗೆಗೆ ಮೂಗು ತಾಕುವಷ್ಟು ಹತ್ತಿರ ನಿಂತಳು. ಮೊದಲಿನ ಅಕ್ಷರ ಯಾವುದು ಎಂದು ಕೇಳಿದಳು. ಕೊನೆಯದು ಯಾವುದು ಎಂದು ಕೇಳಿದಳು. “ಆಯ್ತು, ಬುಡು. ಮುಂದ್ಗಡೆ ‘ಬ’, ಇಂದ್ಗಡೆ ‘ಟೆ’. ಮಧ್ಯದ್ದು ಯಾರಿಗ್ ಬೇಕು?” ಎಂದು ಮನೆಗೆ ಹೊರಟಳು. ಮಾರನೆಯ ದಿನದಿಂದ ಯಾರನ್ನೂ ಕೇಳುವುದಿಲ್ಲವೆಂದು ಹೋಗುವಾಗಲೇ ಸಾರಿದಳು.

ಮಾರನೆಯ ದಿನ ಸಂಜೆ ನಾಲ್ಕಕ್ಕೆ ಅವಳು ಖಾಲಿ ಗಡಿಗೆಯ ಸಮೇತ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು.

“ಬೂದಿಕೋಟೆಗೆ ಓಗಿದ್ದೆ.”

“ಯಾಕೆ?”

“ಮುಂದ್ಗಡೆ ‘ಬ’ ಇತ್ತು! ಇಂದ್ಗಡೆ ‘ಟೆ’ ಇತ್ತು! ಹತ್ತಿದೆ!”

ಹಲಗೆಯ ಮೇಲೆ ಎರಡು ಹೆಸರನ್ನೂ ಒಂದರ ಕೆಳಗೊಂದು ಬರೆದೆ. ಅಕ್ಷರ ಕಲಿತಾಗಿನಿಂದ ಆ ಎರಡು ಊರಿನ ಹೆಸರು ಓದುತ್ತಿದ್ದ ನನಗೆ, ಎರಡೂ ಬ ಕಾರದಿಂದ ಶುರುವಾಗಿ ಟೆ ಕಾರದಲ್ಲಿ ಮುಗಿಯುತ್ತವೆ ಎಂದು ಅವತ್ತೇ ಗೊತ್ತಾದದ್ದು. ಮೊಸರಮ್ಮ ಸೊಂಟದ ಮೇಲೆ ಕೈಯಿಟ್ಟು ಎರಡನ್ನೂ ದುರುಗುಟ್ಟಿ ನೋಡಿದಳು.

“ಯಾವನೋ ಬೇಕಂತ್ಲೇ ಇಟ್ಟವ್ನೆ” ಎಂದಳು. “ಈಗ ಮಧ್ಯ ಏನೇನೈತೆ ಎಲ್ಲಾ ಯೋಳು. ಒಂದೂ ಬುಡಬ್ಯಾಡ.”

ಒಂದನೇ ಕ್ಲಾಸಿನ ಯಾವ ಮಗುವೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮಕ್ಕಳು ನಾನು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು. ಇವಳಾದರೋ ತನ್ನ ಪಾಠವನ್ನು ತಾನೇ ಬೂದಿಕೋಟೆಯಿಂದ ಹೊತ್ತು ತಂದಿದ್ದಳು.

ಅವತ್ತು ನಾವು ನಾಲ್ವರೂ ಹಲಗೆಯ ಮುಂದೆ ನಿಂತು ಕಚ್ಚಾಡಿದೆವು. ‘ಬ’ ಎಂದರೆ ಬಾಯಿ ಬಿಟ್ಟ ಚೀಲ ಎಂದು ತೀರ್ಮಾನವಾಯಿತು. ‘ರ’ ಮುಚ್ಚಳ ಹಾಕಿದ ಮಡಿಕೆ. ‘ಗ’ ಕೋಳಿಗೂಡಿನ ಬಾಗಿಲು. ನಾನು ಸೊನ್ನೆ ಎಂದು ಹೇಳಿಕೊಟ್ಟದ್ದನ್ನು ಕಿವಿ ಮಂದದ ಅಜ್ಜಿ ಸುಮ್ಮನೆ ನೋಡಿ, “ಬೋಂಡಾ” ಎಂದಳು. ಅದೇ ನಿಂತಿತು. ಚೀಲದ ಪಕ್ಕದಲ್ಲಿ ಬೋಂಡಾ ಇದ್ದರೆ ಬಂಗಾರಪೇಟೆ, ಚೀಲಕ್ಕೆ ಬಾಲ ಇದ್ದರೆ ಬೂದಿಕೋಟೆ. ಮಾರನೆಯ ಬೆಳಿಗ್ಗೆ ಮೊಸರಮ್ಮ ಕಾಮಸಮುದ್ರದಲ್ಲಿ ಬಸ್ಸಿನ ಮುಂದೆ ನಿಂತು, “ಬೋಂಡಾ!” ಎಂದು ಕೂಗಿ ಹತ್ತಿದಳಂತೆ. ಕಂಡಕ್ಟರು ಹೋಟೆಲು ಅತ್ತಕಡೆ ಎಂದು ಕೈ ತೋರಿಸಿದನಂತೆ.

ಸುದ್ದಿ ಊರೆಲ್ಲ ಹಬ್ಬಿತು. ಬಿಟ್ಟು ಹೋದವರು ಒಬ್ಬೊಬ್ಬರೇ ವಾಪಸ್ಸು ಬಂದರು. ಒಬ್ಬಳಿಗೆ ಮಗಳನ್ನು ಕೊಟ್ಟ ಮಾಲೂರು ಬೇಕು, ಇನ್ನೊಬ್ಬಳಿಗೆ ತವರಾದ ಮುಳಬಾಗಿಲು, ಮತ್ತೊಬ್ಬಳಿಗೆ ಅಣ್ಣ ಇರುವ ಕೋರಮಂಡಲ್. ಹೀಗೆ ಯಾವ ಊರಿನಲ್ಲಿ ಯಾರ ನೆಂಟರಿದ್ದಾರೋ ಆ ಊರಿನ ಅಕ್ಷರಗಳೆಲ್ಲ ನಮ್ಮ ಕ್ಲಾಸಿಗೆ ಬಂದವು.

ಯಜಮಾನನಿಗೆ ಇದೊಂದೂ ಸರಿಬರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾನು ಮನೆಗೆ ಹೊರಟು ಕಾಮಸಮುದ್ರದಲ್ಲಿ ನಿಂತಿದ್ದೆ. ಗಂಡ ಹೆಂಡತಿ ಇಬ್ಬರೂ ಬಂಗಾರಪೇಟೆಗೆ ಹೋಗಲು ಬಂದರು. ಎರಡೂ ಬಸ್ಸು ನಿಂತಿದ್ದವು. ಅವನು ಟವೆಲ್ಲನ್ನು ಕೊಡವಿ ನೇರ ಹೋಗಿ ಒಂದಕ್ಕೆ ಹತ್ತಿ ಕಿಟಕಿಯ ಪಕ್ಕ ಕೂತ.

“ಅದು ಬಾಲದ್ದು! ಇಳಿ!” ಎಂದಳು ಮೊಸರಮ್ಮ.

“ಏಮೇ, ಮೂವತ್ತೊರ್ಷ ಗಣಿ ಕೇಜಿನಾಗೆ ಪಾತಾಳಕ್ಕೆ ಇಳಿದು ಮ್ಯಾಕೆ ಬಂದೋನು ನಾನು. ನಂಗೆ ದಾರಿ ಯೋಳ್ತೀಯಾ? ನೀನೇ ಬಾ, ಹತ್ತು!”

“ನಾನ್ ಬರಾಕಿಲ್ಲ. ನೀನ್ ಇಳಿ.”

“ಪೋಡಿ!” ಎಂದ ಅವನು ತಮಿಳಿನಲ್ಲಿ. ಅಷ್ಟರಲ್ಲಿ ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ಮುಖ ಗಂಭೀರವಾಗಿ ಬೂದಿಕೋಟೆಯ ಕಡೆಗೆ ಸಾಗಿ ಹೋಯಿತು. ಮೊಸರಮ್ಮ ನಗಲಿಲ್ಲ.

“ಅವ್ನಿಗೂ ಬರಾಕಿಲ್ಲ ಅಲ್ವೇನಮ್ಮಣ್ಣಿ” ಎಂದಳು. “ಪಾಪ, ಇಷ್ಟೊರ್ಷ ಎಂಗ್ ಮುಚ್ಚಿಟ್ಕೊಂಡಿದ್ನೋ.”

ಬೂದಿಕೋಟೆಯಲ್ಲಿ ತನಗೆ ಕೆಲಸವಿತ್ತೆಂದು ಅವನು ಊರಿಗೆಲ್ಲ ಹೇಳಿದ. ಅವಳು ಎದುರು ಮಾತಾಡಲಿಲ್ಲ. ಆದರೆ ಸೋಮವಾರದಿಂದ ಅವನು ದಿನಾ ಸಂಜೆ ಶಾಲೆಯ ಕಿಟಕಿಯ ಹೊರಗೆ ಬೀಡಿ ಸೇದುತ್ತ ಕೂರತೊಡಗಿದ. ಒಳಗೆ ಬನ್ನಿ ಎಂದು ಕರೆದೆ.

“ನಾನ್ಯಾಕಮ್ಮಾ? ಇಲ್ಲಿ ಗಾಳಿ ಚೆನ್ನಾಗೈತೆ.”

ಅವನನ್ನು ಮಣೆಯ ಮೇಲೆ ಕೂರಿಸಿದರೆ ಅವನು ಮತ್ತೆ ಈ ಕಡೆ ಸುಳಿಯುವುದಿಲ್ಲ ಎಂಬಷ್ಟು ನಾನು ಆ ಹೊತ್ತಿಗೆ ಕಲಿತಿದ್ದೆ. ಅದಕ್ಕೇ, “ಯಜಮಾನರೇ, ಇಷ್ಟು ಜನರ ಸ್ಲೇಟು ನೋಡೋಕೆ ನನ್ನೊಬ್ಬಳ ಕೈಲಾಗಲ್ಲ. ನಾನು ಹಲಗೆ ಮೇಲೆ ಬರೆದ ಹಾಗೇ ಇವರೂ ಬರೆದಿದ್ದಾರಾ ಅಂತ ನೀವು ಸ್ವಲ್ಪ ತಪಾಸಣೆ ಮಾಡ್ತೀರಾ?” ಎಂದೆ.

ತಪಾಸಣೆ ಎಂಬ ಮಾತು ಕೆಲಸ ಮಾಡಿತು. ಅವನು ಬೀಡಿ ಆರಿಸಿ, ಗಣಿಯ ಮೇಸ್ತ್ರಿಯ ಗತ್ತಿನಲ್ಲಿ ಒಳಗೆ ಬಂದ. ಒಂದೊಂದು ಸ್ಲೇಟನ್ನೂ ಹಲಗೆಯ ಪಕ್ಕಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ಹೋಲಿಸಿ, “ನಿನ್ ಮಡಿಕೆಗೆ ಮುಚ್ಚಳ ಇಲ್ಲ, ಆಕು” ಎಂದು ಗದರಿದ. ಎರಡು ತಿಂಗಳು ಹೀಗೆ ಬೇರೆಯವರ ತಪ್ಪು ಹುಡುಕುತ್ತ ಹುಡುಕುತ್ತ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಓದಲು ಬಂದಿತು. ತಾನು ಕಲಿತೆನೆಂದು ಅವನು ಸಾಯುವವರೆಗೂ ಒಪ್ಪಲಿಲ್ಲ.

ಆಮೇಲೆ ಇನ್ಸ್‌ಪೆಕ್ಟರು ಪರೀಕ್ಷೆಗೆ ಬಂದರು. ಹಲಗೆಯ ಮೇಲೆ ದೊಡ್ಡದಾಗಿ ‘ಅ’ ಬರೆದು, “ಇದೇನಮ್ಮಾ?” ಎಂದು ಮೊಸರಮ್ಮನನ್ನು ಕೇಳಿದರು.

ಮೊದಲ ಮೂರು ವಾರ ನಾನು ಕಲಿಸಿದ್ದೆಲ್ಲ ಇಡೀ ಕ್ಲಾಸಿನ ತಲೆಯಿಂದ ಆವಿಯಾಗಿ ಹೋಗಿತ್ತು.

“ತಿಂಗಳುಗಟ್ಟಲೆ ಪಾಠ ಮಾಡಿ ‘ಅ’ ಬರೋದಿಲ್ಲವೇ?” ಎಂದು ಅವರು ನನ್ನ ಕಡೆ ತಿರುಗಿದರು.

ಮೊಸರಮ್ಮ ನನ್ನ ನೆರವಿಗೆ ಬಂದಳು. “ಅಮ್ಮಣ್ಣಿ ತಪ್ಪಿಲ್ಲ ಸ್ವಾಮಿ. ಆ ಅಕ್ಷರದ ಊರಿಗೆ ನಮ್ ಕಡೆಯಿಂದ ಬಸ್ಸಿಲ್ಲ.”

“ಹಾಗಾದರೆ ‘ಆ’? ಆನೇಕಲ್ಲಿಗೆ ಹೋಗಬೇಕಾದರೆ ಏನು ಮಾಡ್ತೀಯ?”

“ಆನೇಕಲ್ನಾಗೆ ನಂಗೇನ್ ಕೆಲ್ಸ ಸ್ವಾಮಿ?”

ಇನ್ಸ್‌ಪೆಕ್ಟರು ಕೋಪದಿಂದ ಚೀಲದಲ್ಲಿದ್ದ ಪತ್ರಿಕೆ ತೆಗೆದು ಅವಳ ಮುಂದೆ ಹಿಡಿದು, ದಪ್ಪಕ್ಷರದ ಒಂದು ಪದದ ಮೇಲೆ ಬೆರಳಿಟ್ಟರು. ನಾನು ಕಲಿಸಿದ ಪದವಲ್ಲ ಅದು. ಮೊಸರಮ್ಮ ಕಾಮಸಮುದ್ರದ ‘ಮ’ ಹಿಡಿದಳು, ಪಕ್ಕದ ಬೋಂಡಾ ಹಿಡಿದಳು. ಕೋಳಿಗೂಡಿನ ಬಾಗಿಲು. ಆಮೇಲೆ ಮುಳಬಾಗಿಲಿನ ‘ಳ’, ಅದಕ್ಕೊಂದು ಬಾಲ. ಮುಚ್ಚಳದ ಮಡಿಕೆಗೆ ಬಂದಾಗ ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

“ಮಂ… ಗ… ಳೂ… ರು” ಎಂದಳು. ಇನ್ನೊಮ್ಮೆ ಸೇರಿಸಿ, “ಮಂಗಳೂರು!” ಎಂದು ಕೂಗಿದಳು. ಆ ಊರನ್ನು ಅವಳು ಕಂಡೇ ಇರಲಿಲ್ಲ. “ಈ ಬಸ್ಸು ಎಷ್ಟೊತ್ಗೆ ಬತ್ತದೆ ಸ್ವಾಮಿ?”

ಇನ್ಸ್‌ಪೆಕ್ಟರು ಪತ್ರಿಕೆಯನ್ನು ಮಡಚಿದರು. ವರದಿಯಲ್ಲಿ ‘ಪ್ರಗತಿ ತೃಪ್ತಿಕರ, ಕ್ರಮ ವಿಚಿತ್ರ’ ಎಂದು ಬರೆದು ಹೋದರು.

ಆ ‘ತೃಪ್ತಿಕರ’ದಿಂದ ನನಗೆ ತಲೆ ತಿರುಗಿತು. ಇಂಥ ಒಳ್ಳೆಯ ವಿಧಾನವನ್ನು ಮಕ್ಕಳಿಗೂ ಯಾಕೆ ಬಳಸಬಾರದು ಎಂದುಕೊಂಡು ಮಾರನೆಯ ಬೆಳಿಗ್ಗೆಯೇ ಒಂದನೇ ಕ್ಲಾಸಿನ ಹಲಗೆಯ ಮೇಲೆ ‘ಕೋಲಾರ’ ಎಂದು ಬರೆದು, “ಮಕ್ಕಳೇ, ಇದು ಬಸ್ಸಿನ ಬೋರ್ಡು” ಎಂದೆ.

ಬಸ್ಸು ಎಂಬ ಮಾತು ಬಿಟ್ಟು ಅವರಿಗೆ ಇನ್ನೇನೂ ಕೇಳಿಸಲಿಲ್ಲ. ಮುಂದಿನ ಸಾಲಿನವನೊಬ್ಬ ‘ಪೋಂ ಪೋಂ’ ಎಂದ. ಕ್ಷಣದಲ್ಲಿ ನಲವತ್ತು ಮಕ್ಕಳೂ ಒಬ್ಬರ ಅಂಗಿ ಒಬ್ಬರು ಹಿಡಿದು ಬಾಗಿಲಿನಿಂದ ಹೊರಬಿದ್ದು ಶಾಲೆಯ ಸುತ್ತ ಓಡತೊಡಗಿದರು. ಅವರಿಗೆ ಯಾವ ಊರಿಗೂ ಹೋಗುವ ಕೆಲಸವಿರಲಿಲ್ಲ, ಓಡಿದರೆ ಸಾಕಾಗಿತ್ತು. ಕೈ ಕಟ್ಟಿ ಎಂದು ನಾನು ಹಿಂದೆ ಹಿಂದೆ ಕಿರುಚುತ್ತ ಓಡಿದ್ದರಿಂದ ಬಸ್ಸಿಗೆ ಇನ್ನೊಬ್ಬ ಪ್ರಯಾಣಿಕಳು ಸೇರಿದಂತಾಯಿತು. ಗದ್ದಲಕ್ಕೆ ನಮ್ಮ ಹೆಡ್‌ಮಾಸ್ತರು ಹೊರಗೆ ಬಂದರು. ಬಹಳ ಶಿಸ್ತಿನ ಮನುಷ್ಯ. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಬಸ್ಸು ಅವರ ಮುಂದೆ ಗಕ್ಕನೆ ನಿಂತಿತು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಮುಂದೆ ಬಂದು, ಎಲೆಯೊಂದನ್ನು ಹರಿದು ಕೈ ಚಾಚಿ, “ಟಿಕೀಟ್ ತಗಳಿ ಸಾ” ಎಂದಳು.

ನನ್ನ ಕೆಲಸ ಹೋಯಿತು ಎಂದುಕೊಂಡೆ.

ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡು ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ಚಿಂತಾಮಣಿಗೆ ಹೋಗುತ್ತೇನಮ್ಮಾ?” ಎಂದು ಕೇಳಿದರು.