ಇಪ್ಪತ್ತೆಳೆ ಬಣ್ಣದ ವೈರು

ಫೋನು ಇನ್ನೂ ಜೇಬಿಗೆ ಇಳಿದಿರದ ಕಾಲ ಅದು. ಆಗೆಲ್ಲ ಫೋನೆಂದರೆ ನಡುಮನೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿರುತ್ತಿದ್ದ ವಸ್ತು. ಬೀದಿಗೊಂದು ಫೋನಿದ್ದರೆ ಬೀದಿಯವರಿಗೆಲ್ಲ ಅದೇ ನಂಬರು. ಗಂಟೆ ಹೊಡೆದರೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸಿ, ಯಾರಿಗೆ ಬಂತೋ ಎಂದು ಕಿವಿಗೊಡುತ್ತಿದ್ದರು. ನಿಮ್ಮ ಊರಿನಲ್ಲೂ ಹೀಗೇ ಇದ್ದಿರಬೇಕು.

ನಮ್ಮೂರು ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಸಿಗುತ್ತದೆ. ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ದಿನಗೂಲಿ. ಹದಿನಾಲ್ಕು ವರ್ಷದಿಂದ ದಿನಗೂಲಿ. ಊರವರಿಗೆ ಮಾತ್ರ ಅವರು ‘ಲೈನ್ ಮಲ್ಲಣ್ಣ’. ಸೊಂಟಕ್ಕೆ ಕಟ್ಟಿದ ಚೀಲ, ಹೆಗಲ ಮೇಲೆ ಕ್ಲಿಪ್ಪು ಜೋಲುವ ಟೆಸ್ಟ್ ಫೋನು, ಕೈಯಲ್ಲಿ ಕಟಿಂಗ್ ಪ್ಲೇಯರ್ರು. ತೆಂಗಿನ ಸೀಮೆಯಲ್ಲಿ ಫೋನಿಗೆ ದೊಡ್ಡ ಶತ್ರು ಗಾಳಿ. ಗರಿ ಸಮೇತ ಒಂದು ಹೆಡೆಮಟ್ಟೆ ಕಳಚಿ ಬಿದ್ದರೆ ಸಾಕು, ಒಂದು ಸಾಲು ಮನೆಗಳ ಫೋನೆಲ್ಲ ಮೂಕ. ಅಪ್ಪ ತೋಟದ ಬದುವಿನ ಮೇಲೆ ತಂತಿಯನ್ನೇ ನೋಡುತ್ತ ನಡೆಯುತ್ತಿದ್ದರು. ರಜಾ ದಿನ ನಾನೂ ಹಿಂದೆ ಹೋಗುತ್ತಿದ್ದೆ.

“ಕೆಟ್ಟದ್ದನ್ನ ತುದೀಲಿ ಹುಡುಕ್ಬಾರ್ದು ಕಣವ್ವ, ಮಧ್ಯದಲ್ಲಿ ಹುಡುಕ್ಬೇಕು,” ಎನ್ನುತ್ತಿದ್ದರು. ಅರ್ಧ ದಾರಿಯ ಕಂಬ ಹತ್ತಿ ಟೆಸ್ಟ್ ಫೋನು ಸಿಕ್ಕಿಸಿ ಕೇಳುವುದು. ಗುಯ್‌ಗುಟ್ಟುವ ಶಬ್ದ ಬಂದರೆ ತೊಂದರೆ ಮುಂದಿದೆ, ಬರದಿದ್ದರೆ ಹಿಂದಿದೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ಇವತ್ತು ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಯಿದೆ. ನೆಟ್ ಬರುತ್ತಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ ಎಂದು ಯಾರಾದರೂ ಗಾಬರಿಯಾಗಿ ಬಂದರೆ ನಾನು ಹೇಳುವುದೂ ಅಪ್ಪನ ಮಾತನ್ನೇ. ಪೆಟ್ಟಿಗೆಯನ್ನು ಬೈಯುವ ಮೊದಲು ವೈರು ನೋಡಿ. ಒಂದೇ ಸಲಕ್ಕೆ ಎರಡು ಕಡೆ ಕೈಯಾಡಿಸಬೇಡಿ. ಏನನ್ನಾದರೂ ಕೀಳುವ ಮುಂಚೆ ಅದು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತಿದೆ, ಅದನ್ನು ಮಾತ್ರ ನಾನು ಅಪ್ಪನಿಂದ ಸುಮ್ಮನೆ ಕಲಿಯಲಿಲ್ಲ: ಹೆಚ್ಚುವರಿಯಂತೆ ಕಾಣುವುದೆಲ್ಲ ಹೆಚ್ಚುವರಿಯಲ್ಲ.

ನಾನಾಗ ಆರನೇ ಕ್ಲಾಸು. ಅವರೆಕಾಯಿಯ ಕಾಲ. ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಎಲ್ಲರ ಮನೆಯಲ್ಲೂ ಹಿತಕಿದ ಬೇಳೆ ಸಾರಿನ ಘಮ. ಆ ವರ್ಷ ನಮ್ಮ ಸ್ಕೂಲಿನ ಹುಡುಗಿಯರಿಗೆಲ್ಲ ವೈರಿನ ಬಳೆಯ ಹುಚ್ಚು. ಟೆಲಿಫೋನ್ ಕೇಬಲ್ಲಿನೊಳಗೆ ದಾರದಷ್ಟು ಸಣ್ಣ ಬಣ್ಣಬಣ್ಣದ ವೈರುಗಳಿರುತ್ತವೆ, ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ. ಮೂರೆಳೆ ಸೇರಿಸಿ ಜಡೆಯಂತೆ ಹೆಣೆದರೆ ಬಳೆ. ಲೈನ್ ಮಲ್ಲಣ್ಣನ ಮಗಳೆಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಅಪ್ಪ ಕೊಡುತ್ತಿದ್ದುದು ಬೆರಳುದ್ದದ ತುಂಡುಗಳು, ಅವು ಉಂಗುರಕ್ಕೆ ಮಾತ್ರ ಸಾಕಾಗುತ್ತಿದ್ದವು.

ಆ ವಾರ ಯಾರೋ ತೆಂಗಿನ ಸಸಿಗೆ ಗುಂಡಿ ತೆಗೆಯುವಾಗ ಗುದ್ದಲಿ ತಗುಲಿ ನೆಲದೊಳಗಿನ ಕೇಬಲ್ಲು ತುಂಡಾಗಿತ್ತು. ಹತ್ತು ಮನೆಗಳ ಲೈನು. ಅಪ್ಪ ತಮ್ಮ ಹತ್ತಿರ ಉಳಿದಿದ್ದ ವೈರನ್ನೆಲ್ಲ ಬಳಸಿ ಹತ್ತು ಜೋಡಿ, ಇಪ್ಪತ್ತೆಳೆಯನ್ನು ತಾತ್ಕಾಲಿಕವಾಗಿ ಸೇರಿಸಿದರು. ಮೇಲೆ ಮುಚ್ಚುವ ಜಾಯಿಂಟ್ ಪೆಟ್ಟಿಗೆ ಸೋಮವಾರ ತಿಪಟೂರಿನಿಂದ ಬರಬೇಕು. ಅಲ್ಲಿಯವರೆಗೆ ಗುಂಡಿಯ ಮೇಲೆ ಸೋಗೆ, ಸೋಗೆಯ ಮೇಲೆ ನಾಲ್ಕು ಕಲ್ಲು. ಬುತ್ತಿ ಕೊಡಲು ಹೋಗಿದ್ದ ನಾನು ಇಣುಕಿ ನೋಡಿದ್ದೆ. ವೈರುಗಳು ಮೊಳದುದ್ದಕ್ಕೂ ಹೆಚ್ಚು ಸುರುಳಿಯಾಗಿ, ಸಡಿಲವಾಗಿ ಬಿದ್ದಿದ್ದವು.

“ಇಷ್ಟೊಂದು ಯಾಕಪ್ಪಾ?”

“ಇರ್ಲಿ ಬುಡು. ಮುಂದೆ ಬೇಕಾಯ್ತದೆ.”

ಶನಿವಾರ ಅರ್ಧ ದಿನದ ಸ್ಕೂಲು. ಅಮ್ಮನ ಕತ್ತರಿಯನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡು ಗುಂಡಿಯ ಹತ್ತಿರ ಹೋದೆ. ಆ ವೈರಿನಲ್ಲಿ ಊರ ಮಾತು ಓಡಾಡುತ್ತದೆಂದು ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಗೊತ್ತಿತ್ತು, ಆದರೆ ಸುರುಳಿಯಷ್ಟೂ ಹೆಚ್ಚುವರಿ ಎಂದು ನಂಬಲು ನನಗೆ ಇಷ್ಟವಿತ್ತು. ಈ ಕಡೆ ಕತ್ತರಿಸಿದೆ, ಆ ಕಡೆ ಕತ್ತರಿಸಿದೆ. ಕೈಯೆಲ್ಲ ಕೇಬಲ್ಲಿನೊಳಗಿನ ಅಂಟು. ಸೀಮೆಎಣ್ಣೆಯಂಥ, ಮುಲಾಮಿನಂಥ ಅದರ ವಾಸನೆ. ಮನೆಯಲ್ಲಿ ಯಾರೂ ಇಲ್ಲದಾಗ ಬೂದಿ ಹಾಕಿ ಮೂರು ಸಲ ತಿಕ್ಕಿದರೂ ಹೋಗಲಿಲ್ಲ. ಸಂಜೆಯೊಳಗೆ ಆರು ಬಳೆ ಹೆಣೆದು ಐದನ್ನು ಗೆಳತಿಯರಿಗೆ ಹಂಚಿದೆ. ಉಳಿದ ಒಂದು ಬಳೆ, ಮಿಕ್ಕ ಎರಡೆಳೆ ನನ್ನ ಸ್ಕೂಲ್ ಬ್ಯಾಗಿನ ತಳಕ್ಕೆ ಹೋದವು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಒಳಗೆ ಬಂದವರೇ ಗೋಡೆಗೊರಗಿ ಕೂತರು.

“ಯಾರೋ ವೈರು ಕುಯ್ದವ್ರೆ ಕಣೇ. ತಾಮ್ರದ ಆಸೆಗೆ.”

ಅಮ್ಮ ಮುದ್ದೆ ಕಟ್ಟುತ್ತಿದ್ದವರು ತಿರುಗಿದರು. “ಹಾಕೋಕೆ ಬೇರೆ ವೈರಿಲ್ವಾ?”

“ಒಂದ್ ಗೇಣೂ ಇಲ್ಲ. ನಾಳೆ ಭಾನುವಾರ, ಸ್ಟೋರ್ ಬಾಗ್ಲು ತೆಗಿಯಲ್ಲ.” ಸೊಂಟದ ಚೀಲ ಬಿಚ್ಚಿ ಕೆಳಗಿಟ್ಟು ಮತ್ತೆ ಹೇಳಿದರು, “ಗುಂಡಿ ಹಂಗೇ ಬಿಟ್ಟಿದ್ದಕ್ಕೆ ನನ್ನ ಕೇಳ್ತಾರೆ. ಖಾಯಂ ಮಾಡೋರ ಪಟ್ಟಿ ಬರೋ ಹೊತ್ತಲ್ಲೇ ಹಿಂಗಾಯ್ತಲ್ಲ.”

ನನ್ನ ಕೈ ತಟ್ಟೆಯ ಮೇಲಿತ್ತು. ಮುದ್ದೆಗೂ ಅದೇ ವಾಸನೆ. ಉಂಡೆನೋ ಬಿಟ್ಟೆನೋ ನೆನಪಿಲ್ಲ.

ಬೆಳಿಗ್ಗೆ ಮೊದಲು ಬಂದವರು ಪಕ್ಕದ ಮನೆಯ ರಾಜಕ್ಕ, ಸೊಂಟದಲ್ಲಿ ಮಗು. ಅವರ ಗಂಡ ಸೈನ್ಯದಲ್ಲಿದ್ದರು. ಭಾನುವಾರ ಹನ್ನೊಂದು ಗಂಟೆಗೆ, ವಾರಕ್ಕೊಂದೇ ಸಲ, ಅವರ ಫೋನು. ಆ ಚಳಿಗಾಲ ಗಡಿಯಲ್ಲಿ ಏನೋ ಗದ್ದಲವೆಂದು ರೇಡಿಯೋ ದಿನವೂ ಹೇಳುತ್ತಿತ್ತು. ರಾಜಕ್ಕ ಹನ್ನೊಂದಕ್ಕೆ ಮುಂಚೆಯೇ ತಲೆಗೆ ನೀರು ಹಾಕಿಕೊಂಡು, ಗಂಡ ಕಣ್ಣೆದುರು ಬರುತ್ತಾನೇನೋ ಎಂಬಂತೆ ಹೂ ಮುಡಿದು ಫೋನಿನ ಹತ್ತಿರ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

“ಮಲ್ಲಣ್ಣ, ಹನ್ನೊಂದ್ರೊಳಗೆ ಆಗುತ್ತಾ?”

ಅಪ್ಪ ನೆಲ ನೋಡಿದರು. “ನೋಡ್ತೀನಿ ಕಣವ್ವ.”

“ಅಲ್ಲ, ಅವ್ರು ಅಲ್ಲಿಂದ ಮಾಡಿದ್ರೆ, ಅವ್ರಿಗೆ ಕೆಟ್ಟೋಗಿದೆ ಅಂತ ಗೊತ್ತಾಗುತ್ತಾ?”

ಬೇರೆ ಯಾರಾಗಿದ್ದರೂ ಹೂಂ ಎಂದುಬಿಡುತ್ತಿದ್ದರು. ಲೈನಿನ ವಿಷಯದಲ್ಲಿ ಅಪ್ಪನಿಗೆ ಸುಳ್ಳು ಬಾರದು. “ಇಲ್ಲ. ಅವ್ರಿಗೆ ರಿಂಗ್ ಆಗ್ತಾನೇ ಇರೋ ಹಂಗೆ ಕೇಳುತ್ತೆ.”

“ಅಂದ್ರೆ, ಮನೇಲಿ ಯಾರೂ ಎತ್ತುತಾ ಇಲ್ಲ ಅಂತ.”

“ಹೂಂ.”

ರಾಜಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದರು. ನನಗೆ ಆಗ ಕಣ್ಣಿಗೆ ಕಟ್ಟಿದ ಚಿತ್ರವೊಂದು ಇನ್ನೂ ಹೋಗಿಲ್ಲ: ಎಲ್ಲೋ ಮಂಜಿನ ನಡುವೆ ಒಬ್ಬ ಮನುಷ್ಯ ಕಿವಿಗೆ ಫೋನು ಒತ್ತಿ ನಿಂತಿದ್ದಾನೆ, ಅಲ್ಲಿ ಗಂಟೆ ಕೇಳಿಸುತ್ತಿದೆ, ಇಲ್ಲಿ ಏನೂ ಇಲ್ಲ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀರು ಕುಡಿದು ಬಂದೆ.

ಹತ್ತು ಗಂಟೆಯಿರಬೇಕು, ಡೈರಿಯ ಕಡೆಯಿಂದ ಕೂಗಾಟ ಕೇಳಿಸಿತು. ಓಡಿದೆ. ಗುಜರಿ ರಂಗಣ್ಣನನ್ನು ನಾಲ್ಕೈದು ಜನ ಸುತ್ತುವರಿದಿದ್ದರು. ಸೈಕಲ್ಲಿನ ಮೇಲೆ ಊರೂರು ಸುತ್ತಿ ಹಳೆ ಕಬ್ಬಿಣ, ಹರಿದ ಚಪ್ಪಲಿ ಕೊಂಡು ಈರುಳ್ಳಿ ಕೊಡುತ್ತಿದ್ದ ಮುದುಕ ಅವನು. ಅವನ ಮೂಟೆಯನ್ನು ನೆಲಕ್ಕೆ ಸುರಿದಿದ್ದರು. ಸುಟ್ಟ ಮೋಟಾರಿನ ತಾಮ್ರದ ಸುತ್ತು ಒಂದು ಹೊಳೆಯುತ್ತಿತ್ತು.

“ಇದೆಲ್ಲಿಂದ ಬಂತ್ಲಾ?”

“ಚಿಕ್ಕನಾಯಕನಹಳ್ಳಿ ಕಡೆ ಒಂದ್ ತೋಟದಲ್ಲಿ ಕೊಂಡಿದ್ದು ಕಣ್ರಪ್ಪ. ಫೋನಿನ ವೈರು ನಂಗ್ಯಾಕೆ? ನಾನಲ್ಲ ಕಣ್ರೀ.”

ಒಬ್ಬ ಅವನ ಅಂಗಿಯ ಕೊರಳು ಹಿಡಿದಿದ್ದ. ಅಷ್ಟರಲ್ಲಿ ಅಪ್ಪ ಬಂದರು. ನನ್ನ ಅಪ್ಪ, ಯಾರಿಗೂ ಗಟ್ಟಿಯಾಗಿ ಮಾತಾಡದವರು, ಆ ಮುದುಕನ ಎದುರು ನಿಂತು ಎಲ್ಲರಿಗೂ ಕೇಳುವಂತೆ, “ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ದೆ ರಂಗಣ್ಣ?” ಎಂದರು.

ರಂಗಣ್ಣ ಅಳುವುದಕ್ಕೆ ಶುರು ಮಾಡಿದ. ದೊಡ್ಡವರು, ಅದರಲ್ಲೂ ಗಂಡಸರು, ಹಾಗೆ ಎಲ್ಲರೆದುರು ಅಳುವುದನ್ನು ನಾನು ಕಂಡಿರಲಿಲ್ಲ.

ಮನೆಗೆ ಓಡಿ ಬ್ಯಾಗು ಸುರಿದು, ಬಳೆಯನ್ನೂ ಎರಡೆಳೆ ವೈರನ್ನೂ ತಂದು ಅಪ್ಪನ ಕೈಗೆ ಕೊಟ್ಟೆ.

“ನಾನೇ ಕಣಪ್ಪ ಕತ್ತರಿಸಿದ್ದು. ಬಳೆಗೆ.”

ಒಂದೇ ಏಟು. ಕಿವಿಯೊಳಗೆ ಗುಯ್ ಎಂದಿತು. ಕೊರಳು ಹಿಡಿದಿದ್ದವನು ಕೈ ಬಿಟ್ಟು ಹಿಂದೆ ಸರಿದ. ಅಪ್ಪ ಕುಕ್ಕರುಗಾಲಲ್ಲಿ ಕೂತು ರಂಗಣ್ಣನ ಕಬ್ಬಿಣ, ಚಪ್ಪಲಿ, ತಾಮ್ರದ ಸುತ್ತು ಎಲ್ಲವನ್ನೂ ಒಂದೊಂದಾಗಿ ಮೂಟೆಗೆ ತುಂಬಿದರು. ನಾನೂ ತುಂಬಿದೆ. ಮೂಟೆಯನ್ನು ಸೈಕಲ್ಲಿಗೆ ಬಿಗಿದು, “ತಪ್ಪಾಯ್ತು ಕಣಪ್ಪ,” ಎಂದರು. ರಂಗಣ್ಣ ಮೂಗು ಒರೆಸಿಕೊಂಡು ಸೈಕಲ್ ತಳ್ಳುತ್ತ ಹೋದ. ಆಮೇಲೆ ಅವನು ನಮ್ಮೂರಿಗೆ ಬಂದದ್ದು ನನಗೆ ನೆನಪಿಲ್ಲ.

ಅಪ್ಪ ಬಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ತಾಮ್ರ ಮುರಿದಿಲ್ಲ. ಎಷ್ಟು ಮಾಡಿದ್ದೀಯ?”

“ಆರು.”

“ಉಳಿದ ಐದು ತಗಂಬಾ. ಓಡು.”

ಮನೆಮನೆಗೂ ಓಡಿದೆ. ಒಬ್ಬಳು ಕೊಡುವುದಿಲ್ಲವೆಂದು ಹಠ ಹಿಡಿದಳು, ಅವಳ ಕೈಯಿಂದ ಎಳೆದುಕೊಂಡೆ. ಒಬ್ಬಳು ಬಳೆ ತೊಟ್ಟುಕೊಂಡೇ ಬೆಳಗಿನ ಬಸ್ಸಿಗೆ ಹಾಲ್ಕುರಿಕೆಯ ಅಜ್ಜಿ ಮನೆಗೆ ಹೋಗಿಬಿಟ್ಟಿದ್ದಳು. ನಾಲ್ಕು ಸಿಕ್ಕವು. ಹಿಂದಿರುಗುವಾಗ ರಾಜಕ್ಕನ ಮನೆಯ ಗಡಿಯಾರ ಹನ್ನೊಂದು ಹೊಡೆಯಿತು. ಬಾಗಿಲಲ್ಲಿ ಅವರು ನಿಂತಿದ್ದರು. ಅಷ್ಟರೊಳಗೆ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. ನನ್ನ ಮುಷ್ಟಿಯಲ್ಲಿದ್ದುದನ್ನು ನೋಡಿ, “ಬೇಗ ಹೋಗೇ,” ಎಂದರು ಅಷ್ಟೆ.

ಗುಂಡಿಯಲ್ಲಿ ಅಪ್ಪ, ದಡದಲ್ಲಿ ನಾನು. ಹೆಣಿಗೆ ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ನೀವಿ ನೆಟ್ಟಗೆ ಮಾಡಿ ಕೊಡುವುದು ನನ್ನ ಕೆಲಸ. ಅಪ್ಪ ತುದಿ ಕೆರೆದು ತಿರುಚಿ ಟೇಪು ಸುತ್ತುತ್ತಿದ್ದರು. ಪ್ರತಿ ಜೋಡಿ ಮುಗಿದಾಗಲೂ ಟೆಸ್ಟ್ ಫೋನು ಸಿಕ್ಕಿಸಿ ನನ್ನ ಕಿವಿಗೆ ಹಿಡಿಯುತ್ತಿದ್ದರು.

“ಬಂತಾ?”

“ಬಂತು.”

“ಇದು ನರ್ಸಮ್ಮಂದು. ಹೆರಿಗೆ ಅಂದ್ರೆ ಇದ್ರಲ್ಲೇ ಜೀಪ್ ಕರೆಸ್ಬೇಕು. ಇದು ರಾಜಕ್ಕಂದು. ಇದು ಮೇಷ್ಟ್ರದು.” ಹೀಗೆ ಒಂದೊಂದು ಬಣ್ಣಕ್ಕೂ ಒಂದೊಂದು ಮನೆ, ಆ ಮನೆಗೊಂದು ಕಾಯುವಿಕೆ. ಅಲ್ಲಿಯವರೆಗೆ ನನಗೆ ಅವು ಬಣ್ಣ ಮಾತ್ರ ಆಗಿದ್ದವು.

ಇದ್ದದ್ದು ಹದಿನೇಳೆಳೆ. ಎಂಟು ಜೋಡಿಯಾಯಿತು. ಉಳಿದ ಎರಡು ಮನೆಗಳಿಗೆ ಸಾಲದು. ಒಂದು ಇಲಾಖೆಯವರು ಕೆಲಸಕ್ಕೆಂದು ಕೊಟ್ಟಿದ್ದ ನಮ್ಮದೇ ಮನೆಯ ಲೈನು. ಇನ್ನೊಂದು ಕೊಬ್ಬರಿ ವ್ಯಾಪಾರದ ಸಾಹುಕಾರರದು.

“ಅವ್ರು ಸುಮ್ನಿರಲ್ಲ ಅಲ್ವಾಪ್ಪ?”

“ಇರಲ್ಲ. ಆದ್ರೆ ನರ್ಸಮ್ಮಂದು ಕಿತ್ತು ಅವ್ರಿಗೆ ಕೊಡೋಕಾಯ್ತದಾ?”

ಎರಡು ಗಂಟೆಗೆ ರಾಜಕ್ಕನ ಫೋನಿಗೆ ಜೀವ ಬಂತು. ಆದರೆ ಅದು ರಿಂಗಾಗಲಿಲ್ಲ. ಸಂಜೆಯವರೆಗೂ ಅವರು ಮುಡಿದ ಹೂವನ್ನು ತೆಗೆಯದೆ ಕೂತಿದ್ದರು. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಸ್ಕೂಲಿನಿಂದ ಬಂದವಳೇ ನಾನು ಅವರ ಜಗಲಿಗೆ ಹೋಗಿ ಕೂರುತ್ತಿದ್ದೆ. ಒಳಗಿನಿಂದ ರೇಡಿಯೋ ವಾರ್ತೆ. ಅವರು ಆಗಾಗ ರಿಸೀವರ್ ಎತ್ತಿ ಕೇಳಿ ಇಡುತ್ತಿದ್ದರು. “ಎತ್ತಿದ್ ಹೊತ್ತಲ್ಲೇ ಬಂದ್ಬಿಟ್ರೆ?” ಎಂದು ಅವರೇ ಹೆದರಿ, ಮತ್ತೆ ಮುಟ್ಟದೆ ಕೂರುತ್ತಿದ್ದರು. ಬುಧವಾರ ನನಗೆ ಜ್ವರ ಬಂತು.

ಗುರುವಾರ ಹಸುಗಳು ಮನೆಗೆ ಬರುವ ಹೊತ್ತಿಗೆ ಫೋನು ರಿಂಗಾಯಿತು. ಹಾಸಿಗೆಯಲ್ಲಿದ್ದ ನನಗೂ ಕೇಳಿಸಿತು. ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತೆ. ರಾಜಕ್ಕ ಗೋಡೆಗೆ ಹಣೆ ಹಚ್ಚಿ, “ಎಲ್ರೂ ಚೆನ್ನಾಗಿದ್ದೀವಿ. ಚೆನ್ನಾಗಿದ್ದೀವಿ ಅಂದ್ನಲ್ಲ. ವೈರು ಕಿತ್ತೋಗಿತ್ತು ಅಷ್ಟೆ,” ಎನ್ನುತ್ತಿದ್ದರು. ನನ್ನ ಹೆಸರು ಹೇಳಲಿಲ್ಲ. ಫೋನಿಟ್ಟ ಮೇಲೆ ನನ್ನನ್ನು ನೋಡಿ ಹೇಳಿದರು: “ಭಾನುವಾರ ಮೂರ್ ಸಲ ಫೋನಿನ ಸಾಲಲ್ಲಿ ನಿಂತ್ರಂತೆ ಕಣೇ. ಮಗೀಗೆ ಏನೋ ಆಗಿದೆ ಅಂದ್ಕೊಂಡ್ರಂತೆ.” ಆಮೇಲೆ ನನ್ನ ಹಣೆ ಮುಟ್ಟಿ, “ಸುಡ್ತಾ ಇದ್ದೀಯಲ್ಲೇ, ನಡಿ,” ಎಂದು ಮನೆಗೆ ಕರೆತಂದು ಬಿಟ್ಟರು.

ಸಾಹುಕಾರರು ತಿಪಟೂರಿನ ಆಫೀಸಿಗೆ ದೂರು ಕೊಟ್ಟರು. ವಿವರಣೆ ಕೇಳಿದಾಗ ಅಪ್ಪ ತಮ್ಮ ದುಂಡು ಅಕ್ಷರದಲ್ಲಿ, ಗುಂಡಿಯನ್ನು ಭದ್ರಪಡಿಸದೆ ಬಿಟ್ಟದ್ದು ತಮ್ಮದೇ ತಪ್ಪು ಎಂದು ಬರೆದುಕೊಟ್ಟರು. ಅದರಲ್ಲಿ ಕತ್ತರಿಯಿರಲಿಲ್ಲ, ಬಳೆಯಿರಲಿಲ್ಲ, ಮಗಳಿರಲಿಲ್ಲ. ಬೇಸಿಗೆಯಲ್ಲಿ ಖಾಯಂ ಪಟ್ಟಿ ಬಂತು. ಅಪ್ಪನ ಹೆಸರು ಬರಲಿಲ್ಲ. ಬಂದದ್ದು ಮತ್ತೆ ನಾಲ್ಕು ವರ್ಷದ ಮೇಲೆ. ಆ ಕಾಗದವೇ ಕಾರಣವೋ, ಬೇರೆ ಏನೋ, ನಾನು ಕೇಳಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ ಬೇರೆ ಮಾತಾಡಿ ಬಂದಿದ್ದೇನೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು.

ಈಗ ಊರಿಗೆ ಗಾಜಿನ ಎಳೆಯ ಕೇಬಲ್ಲು ಬಂದಿದೆ. ಕೂದಲಷ್ಟು ಸಣ್ಣದು, ಊರಿನ ಮಾತೆಲ್ಲ ಒಂದರಲ್ಲೇ ಹೋಗುತ್ತದಂತೆ. ಒಳ್ಳೆಯದೇ. ನನ್ನ ಅಂಗಡಿ ನಡೆಯುತ್ತಿರುವುದೂ ಅದರಿಂದಲೇ. ಮೊನ್ನೆ ಗಾಳಿಗೆ ನಮ್ಮ ಬೀದಿಯ ಕೇಬಲ್ಲು ಹರಿದು ಎರಡು ದಿನ ನೆಟ್ ಇರಲಿಲ್ಲ. ಸಹಾಯದ ನಂಬರಿಗೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರದ ದನಿ ಬಲು ಮರ್ಯಾದೆಯಿಂದ ಹೇಳುತ್ತಲೇ ಇತ್ತು. ಮೂರನೇ ದಿನ ಒಬ್ಬರು ಬಂದು ಏಣಿ ಹಾಕಿ ಅಚ್ಚುಕಟ್ಟಾಗಿ ಜೋಡಿಸಿದರು. ನನ್ನಷ್ಟೇ ವಯಸ್ಸಿನವರು, ಕೆಲಸ ಬಲ್ಲವರು. ಕೆಳಗೆ ನಿಂತು ಕೇಳಿದೆ, “ಈ ಎಳೆ ಯಾರ ಮನೇದು?”

“ಗೊತ್ತಿಲ್ಲ ಕಣ್ರೀ. ಮೊಬೈಲಲ್ಲಿ ನಂಬರ್ ಬತ್ತದೆ ಅಷ್ಟೆ. ಯಾರದಾದ್ರೇನು?”

ಅವರ ತಪ್ಪಲ್ಲ. ಅವರು ಮುಂದಿನ ಕಂಬಕ್ಕೆ ಹೊರಟರು. ಆ ಎರಡು ದಿನವೂ ನಮ್ಮ ಬೀದಿಯ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಯಾರದೋ ದನಿಗಾಗಿ ಕಾದು ಕೂತಿದ್ದಿರಬೇಕು. ಆಗಿನಂತೆ ಮೆಟ್ಟಿಲಿಳಿದು ಬಂದು, “ಹನ್ನೊಂದ್ರೊಳಗೆ ಆಗುತ್ತಾ?” ಎಂದು ಕೇಳುವುದಕ್ಕೆ ಅವರಿಗೊಂದು ಬಾಗಿಲಿರಲಿಲ್ಲ.