ಈರಣ್ಣ ಮಾವ ಅಗೆದ ಕೆರೆ

ಈರಣ್ಣ ಮಾವನ ಮನೆಯಲ್ಲಿ ಯಾವ ಸಾಮಾನೂ ಹಳತಾಗುವಷ್ಟು ಕಾಲ ಬಾಳುತ್ತಿರಲಿಲ್ಲ. ಸೋಫಾದ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವ ಮೊದಲೇ ಮುಂದಿನ ಸೋಫಾ ಬಂದಿಳಿಯುತ್ತಿತ್ತು. ಹೊಸ ಫ್ರಿಜ್ ಬಂದಾಗ, ಚೆನ್ನಾಗಿಯೇ ಇದ್ದ ಹಿಂದಿನದು ಕೊಟ್ಟಿಗೆ ಸೇರಿ ಎಮ್ಮೆಗಳ ಹಿಂಡಿ ಇಡುವ ಕಪಾಟಾಯಿತು. ನನ್ನ ತಾಯಿಯ ತಮ್ಮ ಅವನು. ಯಾರಾದರೂ ಗದರಿದರೆ, "ಕಂತು ತಾನೆ, ಕಟ್ಟಿದ್ರಾತು" ಎಂದು ನಗುತ್ತಿದ್ದ. ನಾನು ಶಿಕಾರಿಪುರದ ಕಾಲೇಜು ಸೇರಿದಾಗ ಕೇಳದೆಯೇ ಸ್ಕೂಟರ್ ತಂದು ನಿಲ್ಲಿಸಿದವನು. ಅಂಥವನ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಹೀಗೇ ಒಂದು ದಿನ ಜೆಸಿಬಿ ಬಂತು. ಚಕ್ರದಡಿ ನಿಂಬೆಹಣ್ಣಿಟ್ಟು, ಊರಿಗೆಲ್ಲ ಪೇಡೆ ಹಂಚಿದ. ಅದರ ಕಂತು ಸೋಫಾದ ಕಂತಿನಂಥದ್ದಲ್ಲ ಎಂಬುದು ಆಮೇಲೆ ತಿಳಿಯಿತು. ಯಂತ್ರ ಒಂದು ದಿನ ಸುಮ್ಮನೆ ನಿಂತರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಸೊರಬದ ರಸ್ತೆಯಲ್ಲಿರುವ ನಮ್ಮೂರಿನಲ್ಲಿ ಬೇಸಿಗೆಗೆ ಕೆರೆ ಬತ್ತಿದಾಗ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ರೂಢಿ. ಅದರ ಕೆಳಗಿನ ಬೂದುಬಣ್ಣದ ಜೇಡಿಮಣ್ಣು ಕಂಡ ಕೂಡಲೇ ಗುದ್ದಲಿ ನಿಲ್ಲಿಸಬೇಕು. ನೀರನ್ನು ಹಿಡಿದಿಡುವುದು ಆ ಪದರವೇ. ಇಟ್ಟಿಗೆ ಭಟ್ಟಿಯವರಿಗೆ ಬೇಕಾಗಿದ್ದುದೂ ಆ ಜೇಡಿಯೇ. ಮಾವ ಕೆರೆಗೆ ಜೆಸಿಬಿ ಇಳಿಸಿ, ಅದನ್ನು ಟಿಪ್ಪರುಗಟ್ಟಲೆ ತುಂಬಿ ಕಳಿಸಿದ. ಪುಕ್ಕಟೆಯಾಗಿ ಹೂಳು ಹೋಗುತ್ತಿದೆಯೆಂದು ಊರವರು ಅವನನ್ನು ಕರೆದು ಚಹಾ ಕೊಟ್ಟರು. ರಜೆಗೆ ಹೋದ ನಾನು ಅವನು ಅಗೆದ ಗುಂಡಿಯನ್ನು ಬಗ್ಗಿ ನೋಡಿ ದಂಗಾದೆ. ತಳದಲ್ಲಿ ಬರೀ ನೀರು ನಿಲ್ಲದ ಕೆಂಪು ಗರಸುಮಣ್ಣು ಕಾಣುತ್ತಿತ್ತು. ಜೇಡಿ ಎಲ್ಲಿ ಹೋಯಿತೆಂದು ಮಾವನನ್ನು ಕೇಳಿದೆ.

"ಆಳ ಆದಷ್ಟೂ ನೀರು ನಿಲ್ತೈತಿ ಬಿಡವ್ವ. ಕಂತೂ ತುಂಬ್ತೈತಿ, ಕೆರಿನೂ ತುಂಬ್ತೈತಿ."

ಆ ಮಳೆಗಾಲದಲ್ಲಿ ಕೆರೆ ನಿಜಕ್ಕೂ ಕೋಡಿ ಬಿತ್ತು. ಬಾಗಿನ ಬಿಟ್ಟ ದಿನ ಮಾವನಿಗೇ ಶಾಲು ಹೊದಿಸಿದರು. ದೀಪಾವಳಿಯ ಹೊತ್ತಿಗೆ ಅದೇ ಕೆರೆಯ ಕೆಸರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಯಾರೂ ತೂಬು ಎತ್ತಿರಲಿಲ್ಲ, ಏರಿ ಒಡೆದಿರಲಿಲ್ಲ. ಮಾವ ಏರಿಯ ಮೇಲೆ ನಿಂತು, ನೀರು ಎಲ್ಲಿಗೆ ಹೋಯಿತೆಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಮನೆಗೆ ಬಂದ ಮೇಲೆ ಉತ್ತರ ಕೊಟ್ಟವಳು ಅವನ ಹೆಂಡತಿ ಗಿರಿಜತ್ತೆ. ಅದೇ ಭಟ್ಟಿಯ ಇಟ್ಟಿಗೆಯಲ್ಲಿ ಆಗಷ್ಟೇ ಎದ್ದಿದ್ದ ಹೊಸ ಅಡುಗೆಮನೆಯ ಗೋಡೆಯ ಮೇಲೆ ಕೈಯಿಟ್ಟು, "ಕೆರಿ ತಳ ಇಲ್ಲೈತಿ ನೋಡ್ರಿ" ಎಂದಳು.

ಮಾವ ಜೆಸಿಬಿ ಮಾರಿದ. ಸಾಲ ತೀರಿ ಉಳಿದದ್ದರಲ್ಲಿ ಅವನು ಕೊಂಡದ್ದೇನೆಂದು ಕೇಳಿ ನಾನು ಮತ್ತೆ ಬೆಚ್ಚಿಬಿದ್ದೆ: ಭಟ್ಟಿಯಲ್ಲಿ ಇನ್ನೂ ಸುಡದೆ ಉಳಿದಿದ್ದ ಹಸಿ ಇಟ್ಟಿಗೆ, ಅಷ್ಟೂ. ಮುಂದಿನ ಬೇಸಿಗೆಯಲ್ಲಿ ನಾನು ಹೋದಾಗ ಮಾವ ಆ ಇಟ್ಟಿಗೆಗಳನ್ನು ಗುಂಡಿಗೆ ಸುರಿದು, ನೀರು ಹಾಯಿಸಿ, ಎಮ್ಮೆಗಳ ಜೊತೆ ತಾನೂ ಮೊಣಕಾಲುದ್ದ ಕೆಸರಿನಲ್ಲಿ ತುಳಿಯುತ್ತಿದ್ದ. ಊರವರು ಏರಿಯ ಮೇಲೆ ನಿಂತು ನಗುತ್ತಿದ್ದರು. ನಾನು ಒಯ್ದಿದ್ದ ಹೊಸ ಚಪ್ಪಲಿಯನ್ನು ತಿರುಗಿಸಿ ನೋಡಿ, ಹಳೆಯವೇ ಇನ್ನೂ ಬರುತ್ತವೆ ಎಂದು ವಾಪಸು ಕೊಟ್ಟ. ಈರಣ್ಣ ಮಾವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಗುಂಡಿಯೆಲ್ಲ ಮುಚ್ಚಲು ಇದು ಸಾಕಾಗುತ್ತದೆಯೇ ಎಂದೆ. ಅವನು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಹಸೀವು ಕರಗ್ತಾವು. ಸುಟ್ಟವು ಕರಗಂಗಿಲ್ಲವ್ವ."

ಅದೇ ಕೊನೆಯ ಭೇಟಿ. ಮಳೆ ಹಿಡಿಯುವ ಮೊದಲೇ, ಗುಂಡಿಯಿಂದ ಮೇಲೆ ಬಂದವನು ಏರಿಯ ಮೇಲೆ ಕುಳಿತಲ್ಲೇ ಹೋಗಿಬಿಟ್ಟ. ಫೋನ್ ಬಂದಾಗ ನಾನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ.

ಈ ದೀಪಾವಳಿಗೆ ಹೋಗಿದ್ದೆ. ಕೆರೆ ಮತ್ತೆ ಇಂಗಿತ್ತು. ಅವನು ತುಳಿದ ಜಾಗದಲ್ಲಿ ಮಾತ್ರ, ಒಂದು ಒಕ್ಕಣೆಯ ಕಣದಷ್ಟಗಲ, ನೀರು ನಿಂತಿತ್ತು. ಅವನ ಎಮ್ಮೆಗಳು ಕುಡಿಯುತ್ತಿದ್ದವು. ಅಡುಗೆಮನೆಯ ಗೋಡೆಗೆ ಇನ್ನೂ ಗಿಲಾವು ಆಗಿರಲಿಲ್ಲ, ಇಟ್ಟಿಗೆಗಳು ಹಾಗೇ ಕಾಣುತ್ತಿದ್ದವು. ಯಾಕೆ ಮಾಡಿಸಲಿಲ್ಲವೆಂದು ಕೇಳಿದೆ. ಅತ್ತೆ ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಹೇಳಿದಳು:

"ಕಾಣ್ಲಿ ಬಿಡವ್ವ. ಮುಚ್ಚಿದ್ರೆ ನಾವೂ ಮರೀತೀವಿ."